ಸಹಿಗೆ ಬೇಕಾದ ಹೆಂಡತಿ

"ಇಟ್ಕೊಂಡೋಳು ಅಂತ ಬರೆಯೋಕೆ ಈ ಫಾರಮ್ಮಲ್ಲಿ ಜಾಗ ಇಲ್ಲಮ್ಮಾ," ಎಂದ ಆಸ್ಪತ್ರೆಯ ಗುಮಾಸ್ತ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಹೆಂಡ್ತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದೋರು. ಇದ್ರಲ್ಲಿ ನೀನು ಯಾರು?"

"ಹೆಂಡ್ತಿ."

"ಮದುವೆ ಕಾಗದ ಎಲ್ಲಿ?"

ಇಸ್ತ್ರಿಯವಳು ಫಾರಮನ್ನು ಮತ್ತೆ ಅವನ ಕಡೆಗೇ ಸರಿಸಿದಳು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಮೊನ್ನೆ ಹಬೆಯ ಪೈಪು ಸಿಡಿದು, ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅವಳ ಮನುಷ್ಯನ ಬಲಗೈ, ಎದೆ ಬೆಂದುಹೋಗಿದ್ದವು. ಹೋಟೆಲುಗಳಿಗೆ ಹೊರಟಿದ್ದ ಬಿಳಿ ಹಾಸುಗಳ ಮೇಲೆ ಅವನನ್ನು ಮಲಗಿಸಿಕೊಂಡು, ಗಾಡಿಯಲ್ಲಿ ಇಲ್ಲಿಗೆ ತಂದವಳು ಅವಳೇ. ಈಗ ಕೈಗೆ ನಂಜೇರಿದೆ. ಇವತ್ತೇ ಅದನ್ನು ಕತ್ತರಿಸಿ ತೆಗೆಯಬೇಕು, ಹತ್ತಿರದವರ ಸಹಿ ಬೇಕು ಎಂದಿದ್ದರು ಡಾಕ್ಟರು. ಅವನಿಗೋ ಮೈಮೇಲೆ ಎಚ್ಚರವಿರಲಿಲ್ಲ.

"ಹತ್ತು ವರ್ಷದಿಂದ ಅವನ ಜೊತೆ ಬದುಕಿದ್ದೀನಿ ಸ್ವಾಮಿ. ನನಗಿಂತ ಹತ್ತಿರದೋರು ಯಾರಿದ್ದಾರೆ?"

"ಕಾಗದದಲ್ಲಿ ಇರೋರು," ಎಂದು ಗುಮಾಸ್ತ ಮುಂದಿನವರನ್ನು ಕರೆದ.

ಹತ್ತು ವರ್ಷದ ಹಿಂದೆ ಬಾಯ್ಲರ್ ಕೋಣೆಗೂ ಅವಳ ಇಸ್ತ್ರಿ ಮೇಜಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವನನ್ನು ಕಟ್ಟಿಕೊಂಡವಳು ಎರಡೇ ವರ್ಷಕ್ಕೆ ಬೇರೊಬ್ಬನ ಜೊತೆ ಹೋಗಿದ್ದಳು. ಇವಳ ಗಂಡ ಸತ್ತಿದ್ದ. ಒಂದು ಮಧ್ಯಾಹ್ನ ಅವನು ಮಸಿ ಮೆತ್ತಿದ ಮುಖ ಹೊತ್ತು ಬಂದು, "ನನ್ನತ್ರ ತಟ್ಟೆ ಎರಡಿದೆ, ಉಣ್ಣೋನು ಒಬ್ಬನೇ," ಎಂದಿದ್ದ. ಅವಳು ನಕ್ಕುಬಿಟ್ಟಿದ್ದಳು. ಅವರ ಮದುವೆ ಎಂದರೆ ಅಷ್ಟೇ. ಕಾಗದ ಮಾಡಿಸೋಣವೆಂದು ಕಚೇರಿಗೆ ನಾಲ್ಕು ಸಲ ಅಲೆದರು. ಮೊದಲಿನವಳಿಂದ ಬಿಡುಗಡೆಯ ಪತ್ರ ತನ್ನಿ ಎಂದರು. ಎಲ್ಲಿಗೆ ಹೋದಳೆಂದೇ ಗೊತ್ತಿಲ್ಲದವಳಿಂದ ಏನು ತರುವುದು? ಸುಮ್ಮನಾದರು.

ಕೆಲಸಗಾರರ ಸಾಲುಮನೆಯಲ್ಲಿ ಒಂದು ಕೋಣೆ ಕೇಳಲು ಹೋದಾಗ ಕಾರ್ಖಾನೆಯ ಯಜಮಾನರು ಎಲ್ಲರ ಮುಂದೆಯೇ ಹೇಳಿದ್ದರು: "ಅದು ಸಂಸಾರಸ್ಥರು ಇರೋ ಜಾಗ. ಬೀದಿ ನಾಯಿಗಳ ಥರ ಕೂಡ್ಕೊಂಡೋರಿಗಲ್ಲ." ಯಜಮಾನರ ಮಗ ಅವರ ಮನೆಯ ಮೇಲಿನ ಮಹಡಿಯಲ್ಲಿ ತನ್ನ ಗೆಳತಿಯ ಜೊತೆ ಸಂಸಾರ ಹೂಡಿ ಆಗಲೇ ಮೂರು ವರ್ಷವಾಗಿತ್ತು. ಮದುವೆಯ ಮಾತೇ ಇಲ್ಲ. "ಈಗಿನ ಕಾಲದೋರು, ಒಬ್ಬರನ್ನೊಬ್ಬರು ಅರ್ಥ ಮಾಡ್ಕೋತಿದ್ದಾರೆ," ಎಂದು ಯಜಮಾನರು ಬಂದವರೆದುರು ಹೆಮ್ಮೆಪಡುತ್ತಿದ್ದರು. ಆ ಅರ್ಥ ಮಾಡಿಕೊಂಡವರ ಹಾಸಿಗೆಯ ಬಟ್ಟೆಯನ್ನು ವಾರಕ್ಕೆರಡು ಸಲ ಇಸ್ತ್ರಿ ಮಾಡುತ್ತಿದ್ದವಳು ಇವಳು.

ಮಧ್ಯಾಹ್ನ ಕಾರ್ಖಾನೆಯ ಮ್ಯಾನೇಜರು ಬಂದ. ಅವನ ಕಾರಿನಿಂದ ಬಡಕಲು ಹೆಂಗಸೊಬ್ಬಳು ಇಳಿದಳು. ಹತ್ತು ವರ್ಷ ಯಾರಿಗೂ ಸಿಗದ ಹೆಂಡತಿ ಕಾರ್ಖಾನೆಯವರಿಗೆ ಎರಡೇ ದಿನದಲ್ಲಿ ಸಿಕ್ಕಿದ್ದಳು.

"ಇವ್ರು ಹೆಂಡ್ತಿ," ಎಂದು ಮ್ಯಾನೇಜರು ಗುಮಾಸ್ತನ ಮುಂದೆ ಹಳೆಯ ಕಾಗದ ಬಿಚ್ಚಿದ. ಗುಮಾಸ್ತ ಎದ್ದು ಕುರ್ಚಿ ಕೊಟ್ಟ.

ಮ್ಯಾನೇಜರು ಮೇಜಿನ ಮೇಲೆ ಎರಡು ಕಾಗದ ಇಟ್ಟ. ಒಂದು ಆಸ್ಪತ್ರೆಯದು. ಇನ್ನೊಂದರ ತಲೆಯಲ್ಲಿ ಕಾರ್ಖಾನೆಯ ಮುದ್ರೆಯಿತ್ತು. ಇಸ್ತ್ರಿಯವಳು ಕತ್ತು ಚಾಚಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕುಡಿದು ಕೆಲಸಕ್ಕೆ ಬಂದಿದ್ದ, ತಪ್ಪು ಅವನದೇ, ಕುಟುಂಬಕ್ಕೆ ಯಾವ ತಕರಾರೂ ಇಲ್ಲ.

"ಯಾವ ಬೋಳಿಮಗ ಬರೆದಿದ್ದು ಇದನ್ನ?" ಎಂದು ಅವಳು ಕಿರುಚಿದಳು. "ಪೈಪು ಸೋರ್ತಿದೆ ಅಂತ ಒಂದು ತಿಂಗಳಿಂದ ಬಡ್ಕೊಂಡ. ಚಿಂದಿ ಸುತ್ತಿ ಕೆಲಸ ನಡೆಸು ಅಂದೋನು ನೀನೇ ಅಲ್ವೇನೋ?"

"ಏಯ್, ಬಾಯಿ ಮುಚ್ಚೇ ಸೂಳೆ! ಹೆಂಡ್ತಿ ಎದುರಿಗೆ ನಿಂತು ಮಾತಾಡ್ತಿದ್ದೀಯ, ನಾಚಿಕೆ ಬೇಡ್ವಾ?"

ಹೆಂಡತಿ ತಲೆ ಎತ್ತಲಿಲ್ಲ. ಮ್ಯಾನೇಜರು ಫೋನ್ ಬಂದು ಆಚೆ ಹೋದಾಗ ಮೆಲ್ಲಗೆ, "ಅಕ್ಕಾ," ಎಂದಳು. "ನನಗೆ ಓದೋಕೆ ಬರಲ್ಲ. ಆದ್ರೆ ಕೆಟ್ಟದ್ದೇ ಬರೆದಿರ್ತಾರೆ ಅಂತ ಗೊತ್ತು. ಎರಡಕ್ಕೂ ಹೆಬ್ಬೆಟ್ಟು ಹಾಕಿದ್ರೆ ಮಾತ್ರ ಆಪರೇಷನ್ ಕಾಗದ ಡಾಕ್ಟರಿಗೆ ಕೊಡ್ತಾನಂತೆ. ಇಲ್ದಿದ್ರೆ ನನ್ನ ವಾಪಸ್ ಕರ್ಕೊಂಡು ಹೋಗಿ, ನನಗೆ ಇನ್ನೊಬ್ಬ ಗಂಡ ಇದ್ದ ಅಂತ ಅವತ್ತು ಕರ್ಕೊಂಡು ಹೋದೋನು ಕೈಬಿಟ್ಟ ಮೇಲೆ ನನ್ನ ಕಟ್ಕೊಂಡೋನಿಗೆ ಹೇಳ್ತಾನಂತೆ. ಅವನು ನನ್ನ ಚರ್ಮ ಸುಲೀತಾನೆ. ಮೂರು ಮಕ್ಕಳಕ್ಕಾ."

ಇಸ್ತ್ರಿಯವಳು ಅವಳನ್ನೇ ನೋಡಿದಳು. ಹತ್ತು ವರ್ಷ ಮನಸ್ಸಿನಲ್ಲೇ ಬೈದಿದ್ದ ಹೆಂಗಸು ಇವಳು.

"ನೀವೇ ಹೇಳಿ, ಏನು ಮಾಡ್ಲಿ?"

ಹಾಕಬೇಡ ಎಂದರೆ ಅವನು ಸಾಯುತ್ತಾನೆ. ಹಾಕು ಎಂದರೆ ಒಂದು ಹನಿ ಕುಡಿಯದವನು ಬದುಕಿರುವಷ್ಟು ದಿನ ಕುಡುಕನಾಗಿ, ಒಂದೇ ಕೈಯಲ್ಲಿ, ಪರಿಹಾರ ಕೇಳುವ ಹಕ್ಕೂ ಇಲ್ಲದೆ ಬದುಕಬೇಕು.

"ಹಾಕು," ಎಂದಳು. "ಎರಡಕ್ಕೂ ಹಾಕು ತಾಯಿ."

ಹೆಂಡತಿ ಎರಡು ಕಡೆ ಹೆಬ್ಬೆಟ್ಟು ಒತ್ತಿದಳು. ಮ್ಯಾನೇಜರು ತನ್ನ ಕಾಗದವನ್ನು ಊದಿ ಆರಿಸಿ ಚೀಲಕ್ಕೆ ಹಾಕಿಕೊಂಡ. ಕೈ ತೆಗೆದು ಅವನನ್ನು ವಾರ್ಡಿಗೆ ತಂದಾಗ ನಾಲ್ಕು ಗಂಟೆ. ಕಾವಲಿನವನು ಪುಸ್ತಕದಲ್ಲಿ ಹೆಂಡತಿಯ ಹೆಸರು ಬರೆದು ಪಾಸು ಕೊಟ್ಟ. ಅವಳು ಒಳಗೆ ಹೋಗಿ, ಎರಡು ನಿಮಿಷ ನಿಂತು, ಅಳುತ್ತಾ ಹಿಂಬಾಗಿಲಿನಿಂದ ಹೊರಟು ಮ್ಯಾನೇಜರ ಕಾರು ಹತ್ತಿದಳು. ಪಾಸು ಅವಳ ಜೊತೆಗೇ ಹೋಯಿತು.

"ಒಬ್ರಿಗೇ ಕಣಮ್ಮ ಅವಕಾಶ," ಎಂದ ಕಾವಲಿನವನು, ಬಾಗಿಲಿಗೆ ಬಂದ ಇಸ್ತ್ರಿಯವಳಿಗೆ. "ಅವ್ರ ಹೆಂಡ್ತಿ ಒಳಗಿದ್ದಾರೆ."

"ಇಲ್ಲಪ್ಪಾ, ಹೋದಳು. ಅಲ್ಲಿ ಯಾರೂ ಇಲ್ಲ."

"ಪುಸ್ತಕದಲ್ಲಿ ಇದ್ದಾರಲ್ಲ."

ಅಷ್ಟರಲ್ಲಿ ಒಳಗಿನಿಂದ ಸಣ್ಣ ದನಿ ಕೇಳಿತು. "ಗುಬ್ಬೀ..."

ಅವಳನ್ನು ಹಾಗೆ ಕರೆಯುವವನು ಲೋಕದಲ್ಲಿ ಒಬ್ಬನೇ. ಅವಳು ಬಾಗಿಲಿಗೆ ನುಗ್ಗಿದಳು. ಕಾವಲಿನವನು ರಟ್ಟೆ ಹಿಡಿದು ಎಳೆದ. ಅವಳು ಚೌಕಟ್ಟನ್ನು ತಬ್ಬಿ ಹೊಸ್ತಿಲಿಗೆ ಅಡ್ಡಲಾಗಿ ಕುಳಿತುಬಿಟ್ಟಳು. ಇನ್ನೊಬ್ಬ ಬಂದ. ಇಬ್ಬರೂ ಸೇರಿ ಬೆರಳು ಬಿಡಿಸಿದರು, ಅವಳು ಮತ್ತೆ ಹಿಡಿದಳು.

"ಗುಬ್ಬೀ, ನೀರು..."

"ಇಲ್ಲೇ ಇದ್ದೀನಿ ಕಣೋ!"

"ಗುಬ್ಬೀ..."

"ಇಲ್ಲೇ ಇದ್ದೀನಿ ಕಣೋ!"

ಸ್ವಲ್ಪ ಹೊತ್ತಿಗೆ ಒಳಗಿನ ಕೂಗು ನಿಂತಿತು. ಅವಳು ಓಗೊಡುವುದನ್ನು ನಿಲ್ಲಿಸಲಿಲ್ಲ.