ಎಂಟು ಕಿಲೋದ ಚೀಲ

ಕಬಾಡಿವಾಲಾ ಗೇಟಿನ ಬಳಿ ಹಳೆಯ ಪೇಪರು ತೂಗುತ್ತಿದ್ದಾಗ ಚಂದ್ರಪ್ರಭಾ ತನ್ನ ಚೀಲವನ್ನೂ ತಂದು ಅವನ ಮುಂದಿಟ್ಟಳು.

"ಭಯ್ಯಾ, ಜರಾ ಯೇ ಭೀ ತೋಲ್ ದೋ."

ಅವನು ಕೊಕ್ಕೆಗೆ ಸಿಕ್ಕಿಸಿ ಎತ್ತಿದ. ಮುಳ್ಳು ಹದಿನಾಲ್ಕು ಕಿಲೋದ ಹತ್ತಿರ ನಿಂತಿತು.

ತಲಾ ಎಂಟೇ ಕಿಲೋ ಎಂದು ನಾಳೆ ಹೊರಡುವ ವೈದ್ಯಕೀಯ ತಂಡದವರು ಕಟ್ಟುನಿಟ್ಟಾಗಿ ಹೇಳಿದ್ದರು. ವಿಮಾನದಲ್ಲಿ ಉಳಿದ ತೂಕವೆಲ್ಲ ಔಷಧಿಯ ಪೆಟ್ಟಿಗೆಗಳಿಗೆ. ಸುನಾಮಿ ಅಪ್ಪಳಿಸಿ ಮೂರು ವಾರವಾಗಿತ್ತು. ಶ್ರೀಲಂಕಾದ ಶಿಬಿರಕ್ಕೆ ನರ್ಸುಗಳು ಬೇಕೆಂದು ಆಸ್ಪತ್ರೆಯಲ್ಲಿ ಚೀಟಿ ಅಂಟಿಸಿದ ದಿನವೇ ಅವಳು ಹೆಸರು ಬರೆಸಿದ್ದಳು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ತಾನಾಗಿ ಕೈ ಎತ್ತಿದ್ದು ಅದೇ ಮೊದಲು.

ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದ ಎರಡನೇ ಮಹಡಿಯ ಮನೆಗೆ ಚೀಲವನ್ನು ಮತ್ತೆ ಹೊತ್ತು ಹತ್ತಿ, ಮಂಚದ ಮೇಲೆ ಸುರಿದಳು. ಗಂಡ ಇಂದುಶೇಖರ ತುರುಕಿದ್ದ ಅವಲಕ್ಕಿ, ಚಟ್ನಿಪುಡಿ. ಮಗಳು ಮಯೂರಿಯ ಶಾಂಪೂ ಬಾಟಲಿ. ಕೆಳಮನೆಯ ವಿಜಯಮ್ಮ "ಪಾಪ, ಅಲ್ಲಿನ ಹೆಂಗಸರಿಗೆ" ಎಂದು ಕೊಟ್ಟ ಆರು ಸೀರೆ. ಒಂದೊಂದನ್ನೇ ಪಕ್ಕಕ್ಕಿಟ್ಟಳು. ಮೂರು ಜೊತೆ ಹತ್ತಿ ಬಟ್ಟೆ, ಒಂದು ಟವೆಲ್, ಚಪ್ಪಲಿ, ಟಾರ್ಚು ಮಾತ್ರ ಮತ್ತೆ ಚೀಲ ಸೇರಿದವು.

"ಅಮ್ಮಾ, ಬಸ್ ಇಷ್ಟೇ? ಹದಿನೈದು ದಿನ ಕೈಸೇ ಚಲೇಗಾ?" ಎಂದಳು ಮಯೂರಿ.

"ಒಗೆದು ಒಗೆದು ಉಟ್ಕೋತೀನಿ ಕಣೆ."

ಅಷ್ಟರಲ್ಲಿ ಫೋನು ಬಂತು. ನಾಳೆಯಿಂದ ಅತ್ತೆಯನ್ನು ನೋಡಿಕೊಳ್ಳಲು ಗೊತ್ತು ಮಾಡಿದ್ದ ಆಯಾ ಬರುವುದಿಲ್ಲವಂತೆ. ಅವಳ ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ಚಂದ್ರಪ್ರಭಾ ಬೇರೆ ಇಬ್ಬರನ್ನು ವಿಚಾರಿಸಿದಳು. ಒಬ್ಬಳೂ ಒಪ್ಪಲಿಲ್ಲ.

ಅತ್ತೆ ಶಾಂತಮ್ಮನಿಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಹಗಲು ವಾರ್ಡಿನಲ್ಲಿ, ಬೆಳಿಗ್ಗೆ ಸಂಜೆ ಮನೆಯಲ್ಲಿ, ಚಂದ್ರಪ್ರಭಾಳ ಕೈಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಬೆನ್ನಿಗೆ ಪೌಡರು ಹಾಕುವುದು. ಅವಳು ಚೀಲದಿಂದ ಬಟ್ಟೆಗಳನ್ನು ತೆಗೆದು ಬೀರುವಿಗೆ ಜೋಡಿಸತೊಡಗಿದಳು. ಅಳುವೂ ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು.

"ಯಾಕೆ ಬಿಚ್ತಿದ್ದೀಯ?" ಆಚೆಯ ಮಂಚದಿಂದ ಶಾಂತಮ್ಮ ಕೇಳಿದರು. ಅವರ ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು.

"ಆಯಾ ಬರಲ್ಲವಂತೆ ಅತ್ತೆ."

ಶಾಂತಮ್ಮ ಸೊಸೆಯ ಕಡೆ ಕತ್ತು ಹೊರಳಿಸಿದರು. "ನೀನು ಆ ಜನಕ್ಕೋಸ್ಕರ ಹೋಗ್ತಿಲ್ಲ, ಪ್ರಭಾ. ನನ್ನಿಂದ ತಪ್ಪಿಸ್ಕೊಳ್ಳೋಕೆ ಹೋಗ್ತಿದ್ದೀಯ."

ಅಲ್ಲ ಎನ್ನಲು ಬಾಯಿ ತೆರೆದಳು. ಆದರೆ ಸುಳ್ಳು ಹೇಳುವುದಕ್ಕೂ ತ್ರಾಣವಿರಲಿಲ್ಲ. "ಹೌದು ಅತ್ತೆ," ಎಂದುಬಿಟ್ಟಳು. "ಅಲ್ಲೂ ಇದೇ ಕೆಲಸ. ಆದ್ರೆ ಅವರು ಯಾರೂ ನನ್ನವರಲ್ಲ."

ಮಯೂರಿ ಬಾಗಿಲಲ್ಲೇ ನಿಂತುಬಿಟ್ಟಳು. ಶಾಂತಮ್ಮನ ಸರಿಯಿದ್ದ ಎಡಗೈ ರಜಾಯಿಯ ಅಂಚನ್ನು ಹಿಸುಕುತ್ತಿತ್ತು.

"ಹದಿನೈದು ದಿನ ಸಾಕೇನೇ?" ಎಂದು ಕೇಳಿದರು. "ಇಂದೂನ ಕರಿ. ರಜ ಹಾಕ್ಲಿ. ಮಗನ ಕೈಲಿ ಮೈ ಒರೆಸ್ಕೊಳ್ಳೋಕೆ ನಾಚಿಕೆ ಅಂತ ಮೂರು ವರ್ಷ ನಿನ್ನೊಬ್ಬಳನ್ನೇ ಹಿಂಡಿದೆ. ನಾಚಿಕೆ ನನ್ನದು, ಸುಸ್ತು ನಿನಗೆ. ಇದ್ಯಾವ ನ್ಯಾಯ?"

ಸಂಜೆ ಕೃಷಿ ಭವನದ ಕಚೇರಿಯಿಂದ ಬಂದ ಇಂದುಶೇಖರ ಸ್ವೆಟರು ಕೂಡ ತೆಗೆಯದೆ ತಾಯಿಯ ಮಂಚದ ಪಕ್ಕ ನಿಂತ. ಚಂದ್ರಪ್ರಭಾ ತೋರಿಸಿಕೊಟ್ಟಳು.

"ಭುಜದ ಕೆಳಗೆ ಒಂದು ಕೈ, ಸೊಂಟಕ್ಕೊಂದು. ಎಳೀಬೇಡಿ, ಹೊರಳಿಸಿ."

ಮೊದಲ ಸಲ ಅವನ ಹಿಡಿತ ಜಾರಿತು. ಎರಡನೆಯ ಸಲ ತಾಯಿಯೇ ಗದರಿದರು: "ಗಟ್ಟಿಯಾಗಿ ಹಿಡಿಯೋ, ನಾನೇನು ಹಪ್ಪಳಾನಾ?" ಮಯೂರಿ ಕಿಸಕ್ಕನೆ ನಕ್ಕು, ಅಜ್ಜಿಯ ತಲೆ ಬಾಚುವ ಕೆಲಸ ತನ್ನದೆಂದಳು. ಇಂದುಶೇಖರ ಹೆಂಡತಿಯ ಕಡೆ ನೋಡಿ ತಗ್ಗಿದ ದನಿಯಲ್ಲಿ, "ಇಷ್ಟು ಭಾರ ಅಂತ ಗೊತ್ತಿರ್ಲಿಲ್ಲ ಕಣೆ," ಎಂದ.

ಮರುದಿನ ಚಾಣಕ್ಯಪುರಿಯಲ್ಲಿ ತಂಡ ಸೇರಿತ್ತು. ಮಂಜು ಇನ್ನೂ ಕರಗಿರಲಿಲ್ಲ. ವ್ಯಾನು ಹತ್ತಿ ಕೂರುವಷ್ಟರಲ್ಲಿ ಚಂದ್ರಪ್ರಭಾಳ ಮೊಬೈಲು ಹಾಡಿತು.

"ಒರೆಸಿದೆ ಪ್ರಭಾ," ಎಂದ ಇಂದುಶೇಖರ. "ಅಮ್ಮ ಬೈದ್ರು."

"ಯಾಕ್ರೀ?"

"ನೀರು ತಣ್ಣಗಿತ್ತಂತೆ."

ಬಕೆಟ್ಟಿಗೆ ಎಷ್ಟು ಬಿಸಿನೀರು, ಎಷ್ಟು ತಣ್ಣೀರು ಎಂದು ಹೇಳಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. "ಅವರನ್ನೇ ಕೇಳಿ, ಹೇಳ್ತಾರೆ," ಎಂದು ಫೋನಿಟ್ಟಳು.

ವಿಮಾನ ನಿಲ್ದಾಣದ ಹಾದಿಯಲ್ಲಿ ವ್ಯಾನು ಧೌಲಾ ಕುವಾಂ ದಾಟುವುದರೊಳಗೆ ಅವಳು ಪಕ್ಕದಲ್ಲಿದ್ದ, ಇನ್ನೂ ಹೆಸರೂ ಕೇಳಿರದ ಹೆಂಗಸಿನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಆ ಹೆಂಗಸು ಎಬ್ಬಿಸಲಿಲ್ಲ.