ಮೈದುನನ ಎಡಗಿವಿ

ನಮ್ಮ ದೋಣಿಗೆ ಬರುವ ಅತಿಥಿಗಳಲ್ಲಿ ಮೂರು ಜಾತಿ. ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವವರು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರು, ಗಾಳ ಹಿಡಿದು ಕೂರುವವರು. ಮೊದಲನೆಯವರಿಗೆ ಅಲೆ ಬೇಕು, ಎರಡನೆಯವರಿಗೆ ಅಲೆ ಬೇಡ, ಮೂರನೆಯವರಿಗೆ ಈ ಇಬ್ಬರೂ ಬೇಡ, ಮೀನು ಹೆದರುತ್ತವಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಕಟ್ಟಿದವನು ಇಂಥ ದೋಣಿಯಲ್ಲಿ ಅಡುಗೆ ಮಾಡಿದ್ದಿರಬೇಕು. ಕರಾವಳಿಯುದ್ದಕ್ಕೂ ಐದು ದಿನದ ತಿರುಗಾಟ. ಅಷ್ಟರಲ್ಲಿ ಎಲ್ಲರೂ ಒಂದಾಗುವುದು ಊಟದ ಹೊತ್ತಿಗೆ ಮಾತ್ರ. ಆ ಊಟ ಬಡಿಸುವವಳು ನಾನು.

ನನ್ನ ಗಂಡ ಕ್ಯಾಪ್ಟನ್. ದೋಣಿಯ ಮೇಲೆ ಅವರ ಮಾತೇ ಕೊನೆ, ಅಡುಗೆ ಕೋಣೆಯೊಳಗೆ ನನ್ನದು. ಇಂಜಿನ್ ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಇದ್ದಾನೆ, ಅವನು ಇಂಜಿನ್ನಿನ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡುವುದು ಕಡಿಮೆ. ಇನ್ನು ನನ್ನ ಮೈದುನ, ಅಂದರೆ ಕ್ಯಾಪ್ಟನ್ನರ ತಮ್ಮ. ಮುಳುಗುವವರನ್ನು ಸಮುದ್ರದ ತಳಕ್ಕೆ ಕರೆದುಕೊಂಡು ಹೋಗಿ, ಹವಳದ ದಿಬ್ಬ ತೋರಿಸಿ, ಹೋದಷ್ಟೂ ಜನರನ್ನು ಜೋಪಾನವಾಗಿ ಮೇಲೆ ತರುವುದು ಅವನ ಕೆಲಸ. ನಮ್ಮ ದೋಣಿಗೆ ಹೆಸರು ಬಂದದ್ದೇ ಅವನಿಂದ. ಒಮ್ಮೆ ಬಂದವರು ಮತ್ತೆ ಫೋನ್ ಮಾಡುವಾಗ, ಕ್ಯಾಪ್ಟನ್ ಇದ್ದಾರಾ ಎಂದು ಯಾರೂ ಕೇಳುವುದಿಲ್ಲ, ತಮ್ಮ ಇದ್ದಾರಾ ಎಂದು ಕೇಳುತ್ತಾರೆ.

ನಾನು ಮದುವೆಯಾಗಿ ಬಂದಾಗ ಅವನಿಗೆ ಮೀಸೆ ಚಿಗುರಿರಲಿಲ್ಲ. ಅಂದಿನಿಂದಲೂ ನಮ್ಮಿಬ್ಬರದು ಮಾತಿಗೆ ಮಾತು. ನಾನು ಒಂದು ಅಂದರೆ ಅವನು ಎರಡು ಅನ್ನಬೇಕು. ಅತ್ತೆ ಬದುಕಿದ್ದಾಗ, ಇವರಿಬ್ಬರ ನಡುವೆ ಕೂತರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು ಎನ್ನುತ್ತಿದ್ದರು. ಅದಕ್ಕೇ ಈ ಸೀಸನ್ನಿನ ಮೊದಲ ಪ್ರವಾಸದಲ್ಲಿ, ಮೊದಲ ದಿನವೇ ನನಗೆ ಅನುಮಾನ ಬಂತು.

ಅವನು ನನ್ನ ಕಿಟಕಿಯ ಮುಂದೆಯೇ ಡೆಕ್ಕಿನ ಮೇಲೆ ಕೂತು ಮುಳುಗುವವರ ಮಾಸ್ಕುಗಳನ್ನು ತೊಳೆದಿಡುತ್ತಿದ್ದ. ನಾನು ಈರುಳ್ಳಿ ಹೆಚ್ಚುತ್ತಾ, "ಏನಪ್ಪಾ ಮದುಮಗ, ಸಮುದ್ರದಲ್ಲಿ ಯಾವ ಮೀನಾದ್ರೂ ನಿನ್ನನ್ನ ಒಪ್ಪಿದ್ಯಾ, ಇಲ್ಲ ಅವಕ್ಕೂ ಬುದ್ಧಿ ಬಂತಾ?" ಎಂದೆ. ಉತ್ತರವಿಲ್ಲ. ಮಾಸ್ಕ್ ತೊಳೆಯುತ್ತಲೇ ಇದ್ದ. ಬೆಳಿಗ್ಗೆ ಅಣ್ಣನಿಂದ ಏನೋ ಬೈಸಿಕೊಂಡಿರಬೇಕು, ಮುಖ ಊದಿಸಿಕೊಂಡಿದ್ದಾನೆ ಅಂದುಕೊಂಡೆ.

ಮಧ್ಯಾಹ್ನ ಊಟದಲ್ಲಿ ಗಾಳದವರ ಪೈಕಿ ಒಬ್ಬ ಮುದುಕ, ತಾನು ಹಿಡಿದು ಕೈತಪ್ಪಿಸಿಕೊಂಡ ಮೀನಿನ ಕಥೆ ಹೇಳಿದ. ಮೀನು ಪ್ರತಿ ಸಲ ಹೇಳುವಾಗಲೂ ಒಂದು ಗೇಣು ಬೆಳೆಯುತ್ತಿತ್ತು. ಎಲ್ಲರೂ ನಕ್ಕರು. ಮೈದುನನೂ ನಕ್ಕ, ಆದರೆ ಉಳಿದವರ ಮುಖ ನೋಡಿಕೊಂಡು, ಒಂದು ಗಳಿಗೆ ತಡವಾಗಿ. ಆಮೇಲೆ ನಾನು ಗಮನಿಸತೊಡಗಿದೆ. ಯಾವಾಗಲೂ ಬೆಂಚಿನ ಎಡತುದಿಯಲ್ಲೇ ಕೂರುತ್ತಾನೆ. ಯಾರಾದರೂ ಆ ಕಡೆ ಬಂದು ನಿಂತರೆ, ಏನೋ ನೆನಪಾದಂತೆ ಎದ್ದು ಜಾಗ ಬದಲಿಸುತ್ತಾನೆ. ರಾತ್ರಿ ಬಡಿಸುವಾಗ ನಾನು ಬೇಕೆಂದೇ ಅವನ ಎಡಕ್ಕೆ ನಿಂತು, "ನಿನ್ನ ಅಂಗಿಗೆ ಬೆಂಕಿ ಹತ್ತಿದೆ" ಎಂದೆ. ತಟ್ಟೆಯಿಂದ ತಲೆ ಎತ್ತಲಿಲ್ಲ. ಬಲಕ್ಕೆ ಬಂದು ಅದೇ ದನಿಯಲ್ಲಿ, "ಮೀನು ಇನ್ನೊಂದು ತುಂಡು ಹಾಕ್ಲಾ?" ಎಂದೆ.

"ಹಾಕಿ ಅತ್ತಿಗೆ, ಕೇಳೋದೇನು ಅದಕ್ಕೆ" ಎಂದ.

ಒಂದರ ಬದಲು ಎರಡು ತುಂಡು ಹಾಕಿದೆ.

ಮಾರನೆಯ ದಿನ ಅವನು ಬಿಸಿನೀರಿಗೆಂದು ಒಳಗೆ ಬಂದಾಗ ಬಾಗಿಲು ಹಾಕಿಕೊಂಡೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಎಡಗಿವಿ ಯಾವಾಗಿಂದ ಕೇಳಿಸಲ್ಲ?"

ನನ್ನ ಕಿವಿಗೆ ಹೂ ಇಡಲು ನೋಡಿದ. ನೀರು ಹೊಕ್ಕಿದೆ, ಇಂಜಿನ್ ಸದ್ದು, ಅದು ಇದು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಕೊನೆಗೆ ಹಿಟ್ಟಿನ ಡಬ್ಬದ ಮೇಲೆ ಕೂತ.

"ದೋಣಿ ಕಟ್ಟಿಹಾಕಿದ್ವಲ್ಲ ಮಳೆಗಾಲದಲ್ಲಿ, ನಾನು ಸ್ನೇಹಿತನ ಊರಿಗೆ ಹೋಗಿದ್ನಲ್ಲ, ಆಗ. ಅವನ ದೋಣಿ ತಳದ ಫ್ಯಾನಿಗೆ ಬಲೆ ಸುತ್ಕೊಂಡಿತ್ತು. ಬಿಡಿಸೋಕೆ ಇಳಿದೆ. ಶೀತ ಆಗಿತ್ತು."

"ಶೀತ ಇಟ್ಕೊಂಡು ಇಳಿದ್ಯಾ?"

"ಎರಡು ಆಳು ನೀರು ಅಷ್ಟೇ ಅಂದ್ಕೊಂಡೆ. ಬಲೆ ಜೊತೆ ಇನ್ನೂ ಕೆಳಗೆ ಹೋದೆ. ಕಿವಿ ಒಳಗೆ ಟಪ್ ಅಂತು."

"ಡಾಕ್ಟ್ರು ಏನಂದ್ರು?"

"ಇದು ವಾಪಸ್ ಬರಲ್ಲ ಅಂದ್ರು."

"ಇನ್ನೂ ಏನೋ ಅಂದಿದಾರೆ. ಹೇಳು."

ಅವನು ಉಗುರು ನೋಡಿಕೊಂಡ. "ನೀರಿಗೆ ಇಳಿಬೇಡ ಅಂದ್ರು. ಇದಕ್ಕಾದದ್ದು ಇನ್ನೊಂದಕ್ಕೂ ಆಗ್ಬಹುದಂತೆ. ಹಾಗಾದ್ರೆ ಪೂರ್ತಿ ಕಿವುಡ. ಅತ್ತಿಗೆ, ಅಣ್ಣಂಗೆ ಹೇಳ್ಬೇಡಿ. ಈ ಸೀಸನ್ ಒಂದು ಮುಗೀಲಿ."

"ಆಮೇಲೆ?"

"ಆಮೇಲೆ ನೋಡೋಣ."

ಆಮೇಲೆ ನೋಡೋಣ ಎನ್ನುವುದು ಈ ಮನೆತನದ ಕಾಯಿಲೆ. ಹಿತ್ತಿಲ ಬಾಗಿಲಿನ ಚಿಲಕ ಹಾಗೆಂದೇ ಇವತ್ತಿಗೂ ದಾರದಲ್ಲಿ ನಿಂತಿದೆ. ಆದರೆ ಅವನ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಡಲಿಲ್ಲ, ಹೇಳುತ್ತೇನೆ ಎಂದು ಹೆದರಿಸಲೂ ಇಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು.

ನನ್ನ ಗಂಡನ ಕಾಯಿದೆ ಎಲ್ಲರಿಗೂ ಗೊತ್ತಿದ್ದದ್ದೇ. ಮೂಗು ಕಟ್ಟಿದವರು, ಕಿವಿ ನೋಯುವವರು, ತಲೆ ತಿರುಗುವವರು ನೀರಿಗೆ ಇಳಿಯುವಂತಿಲ್ಲ. ಒಮ್ಮೆ ದೂರದಿಂದ ಬಂದ ಒಬ್ಬ ದೊಡ್ಡ ಮನುಷ್ಯನನ್ನು ಎರಡು ಸೀನು ಸೀನಿದ್ದಕ್ಕೆ ಐದು ದಿನವೂ ಡೆಕ್ಕಿನ ಮೇಲೆಯೇ ಕೂರಿಸಿದ್ದರು. ಪರರಿಗೆ ಒಂದು, ಮನೆಯವರಿಗೆ ಒಂದು ಮಾಡುವ ಪೈಕಿ ಅಲ್ಲ ಅವರು. ನಾನು ಬಾಯಿ ಬಿಟ್ಟರೆ ಮೈದುನ ಅವತ್ತಿನಿಂದ ನೀರಿಗಿಲ್ಲ. ನೀರು ಬಿಟ್ಟರೆ ಅವನಿಗೆ ಬೇರೆ ಏನೂ ಇಲ್ಲ ಎಂಬುದೂ ನನಗೆ ಗೊತ್ತಿತ್ತು. ಒಂದು ದಿನ ಕಳೆಯಲಿ ಎಂದು ಬಿಟ್ಟೆ. ನೋಡಿ, ಮನೆತನದ ಕಾಯಿಲೆ ಸೊಸೆಯಂದಿರಿಗೂ ಅಂಟುತ್ತದೆ.

ಮೂರನೆಯ ದಿನ ಒಂದು ಕಲ್ಲುದ್ವೀಪದ ಮಗ್ಗುಲಲ್ಲಿ ಲಂಗರು ಹಾಕಿದೆವು. ಆಚೆ ಬದಿಯಲ್ಲಿ ಅಲೆ, ಈಚೆ ಬದಿಯಲ್ಲಿ ತಿಳಿನೀರು. ಅಪರೂಪಕ್ಕೆ ಮೂರೂ ಜಾತಿಯವರಿಗೆ ಸಮಾಧಾನ. ಮೈದುನ ಮುಳುಗುವವರನ್ನು ಕರೆದುಕೊಂಡು ಇಳಿದ. ನಾನು ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಎಂದೂ ನೀರಿನ ಕಡೆ ನೋಡದವಳು ಅವತ್ತು ನಾಲ್ಕು ಸಲ ಹೋಗಿ ಗುಳ್ಳೆ ಬರುತ್ತಿದೆಯಾ ಎಂದು ಬಗ್ಗಿ ನೋಡಿ ಬಂದೆ.

ಎಲ್ಲರೂ ಮೇಲೆ ಬಂದರು. ಕೊನೆಯಲ್ಲಿ ಅವನು ಬಂದ. ನಾನು ಅವನ ಬಲಕ್ಕೇ ಹೋಗಿ, "ಟೀ ಕೊಡ್ಲಾ?" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಪಕ್ಕದಲ್ಲಿದ್ದ ಹುಡುಗಿ ತಿರುಗಿ ನೋಡಿದಳು, ಅವನು ನೋಡಲಿಲ್ಲ. ಆಮೇಲೆ ನನ್ನ ತುಟಿ ಅಲುಗುವುದು ಕಂಡು ಅವನ ಮುಖದ ಬಣ್ಣವೇ ಹೋಯಿತು. ಸುತ್ತ ಇದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ, ಸಂತೆಯಲ್ಲಿ ಅಮ್ಮನ ಕೈ ತಪ್ಪಿದ ಮಗುವಿನ ಹಾಗೆ. ಬಲಗಿವಿಯನ್ನು ಕೆಳಗೆ ಮಾಡಿ ಅಂಗೈಯಿಂದ ತಲೆಗೆ ಬಡಿದುಕೊಂಡ, ಒಂಟಿ ಕಾಲಲ್ಲಿ ಕುಪ್ಪಳಿಸಿದ. ಅತಿಥಿಗಳು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಅವನ ಮುಖ ಸಡಿಲವಾಯಿತು.

"ಬರೀ ನೀರು ಅತ್ತಿಗೆ. ಹೋಯ್ತು. ಟೀ ಕೊಡಿ."

ನಾನು ಟೀ ಕೊಡಲಿಲ್ಲ. ಒಲೆ ಆರಿಸಿ, ನೆಟ್ಟಗೆ ಮೇಲಿನ ಚುಕ್ಕಾಣಿ ಕೋಣೆಗೆ ಹೋದೆ.

ಮೆಟ್ಟಿಲು ಹತ್ತುವಾಗ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ. "ರೀ, ನಿಮ್ಮ ತಮ್ಮಂಗೆ ಎಡಗಿವಿ ಕೇಳಿಸಲ್ಲ."

ಉಳಿದದ್ದನ್ನೆಲ್ಲ ಹೇಳಿ ಮುಗಿಸಿದೆ. ದೋಣಿ ಲಂಗರಿನ ಮೇಲೆ ನಿಂತಿತ್ತು, ಆದರೂ ಅವರು ಎರಡೂ ಕೈಯಿಂದ ಚಕ್ರ ಹಿಡಿದುಕೊಂಡಿದ್ದರು.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

"ಇವತ್ತು ಅವನನ್ನ ಇಳಿಯೋಕೆ ಬಿಟ್ಯಲ್ಲ."

ನಾನು ಮೆಟ್ಟಿಲಿಳಿದು ಅಡುಗೆ ಕೋಣೆಗೆ ಬಂದೆ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ನನ್ನ ಗಂಡ ಕೂಗಾಡುವವರಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಕೆಳಗಿಳಿದು ತಮ್ಮನ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ನಿಂತು ಹೇಳಿದರು. "ಇನ್ನು ಮೇಲೆ ನೀನು ನೀರಿಗಿಳಿಯೋದು ಬೇಡ. ಅವರನ್ನ ನಾನು ಕರ್ಕೊಂಡು ಹೋಗ್ತೀನಿ."

"ನೀನು ಇಳಿದು ಎಷ್ಟು ವರ್ಷ ಆಯ್ತು ಅಣ್ಣ?"

"ನಿಂಗೆ ಕಲಿಸಿದ್ದು ನಾನೇ. ಮರೆತಿಲ್ಲ."

"ಈ ಟ್ರಿಪ್ ಒಂದು..."

"ಬೇಡ ಅಂದ್ನಲ್ಲ."

ಮೈದುನ ನನ್ನ ಕಿಟಕಿಯ ಕಡೆ ನೋಡಿದ. ಆ ನೋಟಕ್ಕೆ ಬದಲು ಎರಡು ಕೆನ್ನೆಗೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ತಟ್ಟೆ ತೆಗೆದುಕೊಂಡು ದೋಣಿಯ ಮುಂತುದಿಗೆ ಹೋಗಿ ಒಬ್ಬನೇ ಊಟ ಮಾಡಿದ.

ನಾಲ್ಕನೆಯ ದಿನ ಅವನು ನನ್ನೊಡನೆ ಮಾತಾಡಲಿಲ್ಲ. ನನ್ನಿಂದ ಒಂದು ಮಾರು ದೂರದಲ್ಲಿ ಕೂತು, ಉಪ್ಪು ಬೇಕೆಂದು ಮೇಸ್ತ್ರಿಯ ಕೈಲಿ ಹೇಳಿಸಿದ. ಪಾಪ, ಮೇಸ್ತ್ರಿ ಅವತ್ತು ಒಂದು ವರ್ಷದ ಮಾತೆಲ್ಲ ಆಡಿಬಿಟ್ಟ. ಅವತ್ತು ಅಲೆ ಜೋರಿದ್ದರಿಂದ ಮುಳುಗು ಇರಲಿಲ್ಲ. ಅಲೆಯವರನ್ನು ಸಣ್ಣ ದೋಣಿಯಲ್ಲಿ ಕರೆದುಕೊಂಡು ಹೋಗಿ ಬರುವ ಕೆಲಸ ಮೈದುನನಿಗೆ ಬಿತ್ತು. ಚೆನ್ನಾಗಿಯೇ ಮಾಡಿದ. ಗಾಳದ ಮುದುಕನಿಗೆ ಕೊನೆಗೂ ಒಂದು ದೊಡ್ಡ ಮೀನು ಸಿಕ್ಕಿತು. ಎಲ್ಲರೂ ಅದರ ಜೊತೆ ನಿಂತು ಫೋಟೋ ತೆಗೆಸಿಕೊಂಡರು, ಮೈದುನ ಫೋಟೋ ತೆಗೆದ. ನಾನು ಸರಿಯಾದದ್ದನ್ನೇ ಮಾಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಆ ಮೀನು ಕೊಯ್ದೆ.

ಕೊನೆಯ ದಿನ ಬೆಳಿಗ್ಗೆ ಕಡೆಯ ಮುಳುಗು. ನನ್ನ ಗಂಡ ಹಳೆಯ ರಬ್ಬರ್ ಅಂಗಿಯೊಳಗೆ ತೂರಿಕೊಂಡರು. ಅಂಗಿ ಇದ್ದ ಹಾಗೇ ಇತ್ತು, ಹೊಟ್ಟೆ ಹಾಗಿರಲಿಲ್ಲ. ಹಿಂದಿನಿಂದ ಮೇಸ್ತ್ರಿ ಜಿಪ್ ಎಳೆದ, ಮುಂದಿನಿಂದ ನಾನು ಹೊಟ್ಟೆ ಒತ್ತಿದೆ, ಅತಿಥಿಗಳು ಚಪ್ಪಾಳೆ ತಟ್ಟಿದರು. ಬೇರೆ ದಿನವಾಗಿದ್ದರೆ ಮೈದುನ ಇದನ್ನು ಮೂರು ತಿಂಗಳು ಆಡಿಕೊಳ್ಳುತ್ತಿದ್ದ. ಅವತ್ತು ಸುಮ್ಮನೆ ಪ್ರತಿಯೊಬ್ಬರ ಸಿಲಿಂಡರ್ ತಿರುಗಿಸಿ ನೋಡಿ, ಅಣ್ಣನದನ್ನು ಎರಡು ಸಲ ನೋಡಿ, ಇಳಿಸಿದ. ನೀರು ಅವರ ಮೇಲೆ ಮುಚ್ಚಿಕೊಂಡಿತು. ಅವನು ಅಂಚಿನಲ್ಲಿ ಕಾಲು ಇಳಿಬಿಟ್ಟು ಗುಳ್ಳೆಗಳನ್ನೇ ನೋಡುತ್ತಾ ಕೂತ.

ನಾನು ಟೀ ತೆಗೆದುಕೊಂಡು ಹೋಗಿ ಅವನ ಬಲಕ್ಕೆ ಕೂತೆ. ಲೋಟ ತೆಗೆದುಕೊಂಡ.

"ಅತ್ತಿಗೆ," ಎಂದ ಕೊನೆಗೆ, ನೀರಿನ ಮೇಲಿಂದ ಕಣ್ಣು ತೆಗೆಯದೆ, "ಮೇಲಿದ್ದಾಗ ನಂಗೆ ದಿನಾ ಇದೇ ಕೆಲಸ. ಯಾರು ಯಾವ ಕಡೆ ಕೂತಿದಾರೆ, ಯಾರ ಬಾಯಿ ಅಲ್ಲಾಡ್ತಿದೆ, ಯಾವಾಗ ನಗ್ಬೇಕು. ಸಾಕಾಗಿ ಹೋಗುತ್ತೆ. ಕೆಳಗೆ ಹಾಗಲ್ಲ. ಅಲ್ಲಿ ಎಲ್ರೂ ಮೂಗರೇ, ಎಲ್ರೂ ಕಿವುಡರೇ. ಮಾತೆಲ್ಲ ಕೈಯಲ್ಲೇ. ಅಲ್ಲಿ ನಾನು ಯಾರಿಗೂ ಒಂದು ಗುಲಗಂಜಿಯಷ್ಟೂ ಕಮ್ಮಿ ಇರ್ಲಿಲ್ಲ."

ಅವನ ಉಳಿದ ಒಂದು ಕಿವಿಯನ್ನು ಕಾಯಲು ಹೋಗಿ, ಅವನಿಗೆ ಕಿವಿಯೇ ಬೇಕಾಗದಿದ್ದ ಜಾಗವನ್ನು ಕಿತ್ತುಕೊಂಡಿದ್ದೆ. ಅದನ್ನು ವಾಪಸ್ ಕೊಡುವ ಶಕ್ತಿ ನನಗಿರಲಿಲ್ಲ, ಇದ್ದಿದ್ದರೂ ಕೊಡುತ್ತಿರಲಿಲ್ಲ.

"ಇನ್ನೊಂದ್ಸಲ ಇಂಥದ್ದೇ ಬಂದ್ರೂ ನಾನು ಹೇಳೇ ಹೇಳ್ತೀನಿ ಕಣೋ" ಎಂದೆ.

"ಗೊತ್ತು."

"ಹಾಗಾದ್ರೆ ಬೈದ್ಬಿಡು ಒಂದ್ಸಲ. ಮನಸ್ಸಲ್ಲಿ ಇಟ್ಕೋಬೇಡ."

ಅವನು ಟೀ ಮುಗಿಸಿ, ತಳದಲ್ಲಿ ಉಳಿದದ್ದನ್ನು ನೀರಿಗೆ ಚೆಲ್ಲಿ, ಲೋಟ ನನ್ನ ಕೈಗೆ ಕೊಟ್ಟ.

"ಮೊನ್ನೆಯಿಂದ ಬೈತಾನೇ ಇದೀನಿ. ನಿಮಗೆ ಕೇಳಿಸ್ಲಿಲ್ವಾ?"

ನನಗೆ ನಗು ಬಂತು. ನಗುವಿನ ಬೆನ್ನಿಗೇ ಅಳು ಬಂತು, ತಡೆಯಲಾಗಲಿಲ್ಲ. ಅವನು ನಗಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಅಷ್ಟರಲ್ಲಿ ಕೆಳಗೆ ಅವನ ಅಣ್ಣನ ತಲೆ ಕಾಣಿಸಿತು. ಏಣಿ ಇಳಿಬಿಡಲು ಎದ್ದು ಹೋದ.