ಕೊನೆ ಹೇಳಬಾರದು

"ಪುಸ್ತಕ ಬರೋದು ಅಕ್ಟೋಬರಿಗಾ?" ರೋಸ್ವಿತಾ ದಿಂಬಿಗೆ ಒರಗಿದ್ದಲ್ಲೇ ನಕ್ಕಳು. "ಅಷ್ಟೊತ್ತಿಗೆ ನಾನೇ ಹೆಣ ಆಗಿರ್ತೀನಲ್ಲೇ, ಮಾರೆನ್!"

ಮಾರೆನ್ ಎತ್ತಿದ ಕಾಫಿ ಬಟ್ಟಲನ್ನು ಹಾಗೇ ಕೆಳಗಿಟ್ಟಳು. ಊರಿನ ಗ್ರಂಥಾಲಯ ನೋಡಿಕೊಳ್ಳುವವಳು ಅವಳು. ಜರ್ಮನಿಯ ಕಡಲ ಊರು ಜಾಸ್ನಿಟ್ಸಿನ ಹೆಂಗಸರಿಗೆ ಸ್ವೀಡನ್ನಿನ ಕೊಲೆ ಕಾದಂಬರಿಗಳ ಹುಚ್ಚು ಹಿಡಿಸಿದವಳೂ ಅವಳೇ. ಗುರುವಾರಕ್ಕೊಮ್ಮೆ ಎಲ್ಲರೂ ಸೇರಿ, ಕೇಕು ತಿನ್ನುತ್ತಾ, ಯಾರ ಕುತ್ತಿಗೆ ಯಾರು ಕೊಯ್ದರೆಂದು ಕಚ್ಚಾಡುತ್ತಿದ್ದರು. ಆ ಕೂಟಕ್ಕೆ ಇದ್ದದ್ದು ಒಂದೇ ಕಟ್ಟಳೆ. ಓದಿ ಮುಗಿಸಿದವರು ಓದದವರಿಗೆ ಕೊನೆ ಹೇಳಬಾರದು. ಒಮ್ಮೆ ಔಷಧಿ ಅಂಗಡಿಯವನ ಹೆಂಡತಿ ಬಾಯಿ ತಪ್ಪಿ ಹೇಳಿಬಿಟ್ಟದ್ದಕ್ಕೆ ಈಸ್ಟರ್ ಬರುವ ತನಕ ಅವಳೊಡನೆ ಯಾರೂ ಮಾತಾಡಿರಲಿಲ್ಲ.

"ಅನುವಾದ ಮಾಡೋರು ಇನ್ನೂ ಅರ್ಧದಲ್ಲಿದಾರಂತೆ," ಎಂದಳು ಮಾರೆನ್. "ಒಂಬತ್ತೂ ಅವರೇ ಮಾಡಿದ್ದಲ್ವಾ? ಇದನ್ನ ಬೇರೆಯವರ ಕೈಗೆ ಕೊಡಲ್ವಂತೆ."

"ಕೊಡಲೂಬಾರದು. ಹೆಲ್ಮ್ ಬೈಯೋದನ್ನ ನಮ್ಮ ಭಾಷೇಲಿ ಬರೆಯೋಕೆ ಅವರೊಬ್ಬರಿಗೇ ಬರೋದು."

ಹೆಲ್ಮ್ ಎಂದರೆ ಆ ಒಂಬತ್ತು ಪುಸ್ತಕಗಳ ಇನ್ಸ್‌ಪೆಕ್ಟರ್. ಹೆಂಡತಿ ಬಿಟ್ಟುಹೋದವನು, ಮಂಡಿನೋವಿನವನು, ಸದಾ ಮುಖ ಗಂಟಿಕ್ಕಿಕೊಂಡವನು. ಹತ್ತನೆಯದು ಅವನ ಕೊನೆಯ ಪುಸ್ತಕ. ಅದು ಸ್ವೀಡಿಷ್ ಭಾಷೆಯಲ್ಲಿ ಆಗಲೇ ಹೊರಬಂದಿತ್ತು. ಜರ್ಮನ್ ಓದುಗರು ಕಾಯಬೇಕಿತ್ತು. ರೋಸ್ವಿತಾಳ ಹೊಟ್ಟೆಯೊಳಗಿನ ಗಡ್ಡೆಯೋ ಯಾರಿಗೂ ಕಾಯುವಂತಿರಲಿಲ್ಲ. ಅದನ್ನು ಡಾಕ್ಟರು ಹೇಳಿ ಆಗಿತ್ತು, ಅವಳು ಕೇಳಿ ಆಗಿತ್ತು, ಮಂಚ ಸಮುದ್ರ ಕಾಣುವ ಮುಂದಿನ ಕೋಣೆಗೆ ಬಂದೂ ಆಗಿತ್ತು.

ಗಂಡ ಹೈನೋ ಕೇಕಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಏನು, ಇವತ್ತೆಷ್ಟು ಹೆಣ ಬಿತ್ತು?" ಎಂದ. ವರ್ಷಾನುಗಟ್ಟಲೆ ಸವೆಸಿದ ಹಾಸ್ಯ ಅದು. ಯಾರೂ ನಗಲಿಲ್ಲ.

ಮಾರೆನ್ ಹೋದ ಮೇಲೆ ರೋಸ್ವಿತಾ ಕಿಟಕಿಯತ್ತ ತಿರುಗಿದಳು. "ನಿನಗೆ ಸ್ವೀಡಿಷ್ ಬರುತ್ತಲ್ಲ, ಹೈನೋ."

"ನಂದು ಹಡಗಿನ ಸ್ವೀಡಿಷ್ಷು. ಹಗ್ಗ, ಬ್ರೇಕು, ಗಾಳಿ, ಕಾಫಿ. ಆಮೇಲೆ ಬೈಗುಳ."

"ಹೆಲ್ಮ್‌ಗೆ ಅಷ್ಟು ಸಾಕು. ಹೋಗಿ ತಗೊಂಡು ಬಾ."

"ಅಂಚೇಲಿ ತರಿಸೋಣ."

"ನೀನೇ ಹೋಗಿ ತಗೊಂಡು ಬಾ ಅಂದೆ."

ಜರ್ಮನಿಯನ್ನು ಎರಡು ಮಾಡಿದ್ದ ಗೋಡೆ ಬೀಳುವುದಕ್ಕೂ ಎಷ್ಟೋ ಮುಂಚೆ ಹೈನೋ ರೈಲುಗಾಡಿಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಸ್ವೀಡನ್ನಿನ ಟ್ರೆಲ್ಲೆಬೋರ್ಗಿಗೆ ಹೋಗುವ ಹಡಗಿನಲ್ಲಿ ಕೆಲಸಕ್ಕಿದ್ದ. ಸರ್ಕಾರ ಗಡಿ ದಾಟಲು ಬಿಡದಿದ್ದ ಆ ಕಾಲದಲ್ಲಿ ಈ ಊರಿನವರಿಗೆ ಆಚೆ ದಡ ನೋಡುವ ಭಾಗ್ಯ ಇರಲಿಲ್ಲ. ನೋಡಿ ಬಂದವನ ಮಾತಿಗೆ ಊರೆಲ್ಲ ಕಿವಿಗೊಡುತ್ತಿತ್ತು, ಮನೆಯಲ್ಲಿ ಮಗನೂ. ಹೈನೋ ಬಡಾಯಿಗೇನೂ ಕಡಿಮೆ ಮಾಡುತ್ತಿರಲಿಲ್ಲ. "ಆಚೆ ದಡ ಏನು ಮಹಾ ದೂರ? ಗಾಳಿ ಅನುಕೂಲ ಇದ್ರೆ ಮಡಚೋ ದೋಣೀಲೂ ಹೋಗಿಬಿಡಬಹುದು," ಎಂದು ಊಟದ ಮೇಜಿನಲ್ಲಿ ನಗಾಡಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗ ಮಡಚುವ ದೋಣಿಯಲ್ಲೇ ಹೋದ. ಆಚೆ ದಡಕ್ಕೂ ಮುಟ್ಟಲಿಲ್ಲ, ಈಚೆಗೂ ಬರಲಿಲ್ಲ.

ಆಮೇಲೆ ಗುಪ್ತ ಪೊಲೀಸಿನ ಉದ್ದ ಕೋಟಿನವರು ಮನೆಗೆ ಬಂದರು. ಹುಡುಗ ದಕ್ಷಿಣದ ಕಡೆ ಕಟ್ಟಡ ಕೆಲಸಕ್ಕೆ ಹೋಗಿದ್ದಾನೆ, ಕೇಳಿದವರಿಗೆ ಹಾಗೇ ಹೇಳಿ ಎಂದು ಅಪ್ಪಣೆ ಮಾಡಿದರು. ಹೈನೋನನ್ನು ಹಡಗಿನಿಂದ ಇಳಿಸಿ ರೈಲು ಯಾರ್ಡಿನಲ್ಲಿ ಡಬ್ಬಿ ಕೂಡಿಸುವ ಕೆಲಸಕ್ಕೆ ಹಾಕಿದರು. ಗಂಡಹೆಂಡಿರು ಬಾಯಿಗೆ ಬೀಗ ಹಾಕಿಕೊಂಡರು. ಗೋಡೆ ಬಿದ್ದ ಮೇಲೆ ವಿಚಾರಿಸಿದ್ದೂ ಆಯಿತು. ಆಚೆಯ ದಡದಲ್ಲೂ ಯಾರಿಗೂ ಏನೂ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಬೀಗ ತುಕ್ಕು ಹಿಡಿದಿತ್ತು. ಮಗನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೈನೋ ಆ ನೀರಿನ ಮೇಲೆ ಮತ್ತೆ ಕಾಲಿಟ್ಟಿರಲಿಲ್ಲ. ಹೋಗು ಎಂದು ರೋಸ್ವಿತಾ ಒಂದು ದಿನವೂ ಅಂದಿರಲಿಲ್ಲ.

ಈಗ ಅಂದಿದ್ದಳು. ಅವನು ಹೋದ.

ಹಡಗಿನಲ್ಲಿ ಅವನು ಒಳಗೆ ಕೂರಲಿಲ್ಲ. ಮೇಲಟ್ಟದ ಕಂಬಿ ಹಿಡಿದುಕೊಂಡು ಹೊರಗೇ ನಿಂತ. ಸುಣ್ಣದ ಬಂಡೆಗಳು ಹಿಂದೆ ಸರಿದವು, ಆಮೇಲೆ ಬರೀ ನೀರು. ಬೂದು ಬಣ್ಣದ, ಯಾರ ಹಂಗೂ ಇಲ್ಲದ ನೀರು. ಎಷ್ಟು ಹೊತ್ತಾದರೂ ಮುಗಿಯಲೇ ಇಲ್ಲ. ದೂರ ಏನು ಮಹಾ ಎಂದಿದ್ದೆನಲ್ಲ, ಥೂ, ನನ್ನ ನಾಲಗೆಗಿಷ್ಟು! ಹೈನೋ ಗಾಳಿಗೆ ಮುಖ ಕೊಟ್ಟು ಅತ್ತ. ಪಕ್ಕದಲ್ಲಿ ಸಾಸೇಜು ತಿನ್ನುತ್ತಿದ್ದವನು ಗಾಳಿಗೆ ಕಣ್ಣಲ್ಲಿ ನೀರು ಬಂದಿರಬೇಕೆಂದುಕೊಂಡು ಕರವಸ್ತ್ರ ನೀಡಿದ.

ಓದು ಮರುದಿನ ಮಧ್ಯಾಹ್ನದ ಕಾಫಿಯ ಹೊತ್ತಿಗೆ ಶುರುವಾಯಿತು. ಹೈನೋ ಕನ್ನಡಕ ಏರಿಸಿಕೊಂಡು, ಸ್ವೀಡಿಷ್ ಸಾಲನ್ನು ಮನಸ್ಸಿನಲ್ಲೇ ಓದಿ, ಬಾಯಲ್ಲಿ ಜರ್ಮನ್ ಮಾಡಿ ಹೇಳಬೇಕು. ಮೊದಲ ಪುಟ ಮುಗಿಯುವಷ್ಟರಲ್ಲಿ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"'ಮೀನು ಹರಾಜಿನವನು ಸತ್ತು ಬಿದ್ದಿದ್ದ. ಅವನು ತಣ್ಣಗಿದ್ದ,'" ಎಂದು ಓದಿದ.

"ಸತ್ತೋನು ಬಿಸಿ ಇರ್ತಾನಾ? ಸರಿಯಾಗಿ ಹೇಳು."

"ಇಲ್ಲಿ ಹಂಗೇ ಇದೆ ಕಣೇ."

"ಇದ್ರೂ ಹೆಲ್ಮ್ ಹಂಗೆ ಯೋಚನೆ ಮಾಡಲ್ಲ. ಹೂಂ, ಮುಂದೆ."

ಪ್ರಣಯದ ಕಡೆ ಬಂದಾಗ ಅವನ ಹಡಗಿನ ಭಾಷೆ ಕೈಕೊಟ್ಟಿತು. "ಆಮೇಲೆ ಇಬ್ಬರೂ ಮಲಗಿದರು," ಎಂದು ಎರಡು ಹಾಳೆ ತಿರುವಿದ.

"ಎರಡು ಹಾಳೆ ತುಂಬ ಮಲಗಿದ್ರಾ? ಕಳ್ಳ! ನನಗೆ ಕಣ್ಣು ಕಾಣುತ್ತೆ," ಎಂದು ರೋಸ್ವಿತಾ ಕೆಮ್ಮುವ ತನಕ ನಕ್ಕಳು. ಬಾಯಿಗೆ ಏನೂ ಸೇರದ ಹೆಂಗಸು ಆವತ್ತು ಅರ್ಧ ಬಟ್ಟಲು ಸಾರು ಕುಡಿದಳು. ಕೊಂದವನು ದನದ ಡಾಕ್ಟರೇ ಎಂದು ಮೂರನೇ ಅಧ್ಯಾಯಕ್ಕೇ ಪಣ ಕಟ್ಟಿದಳು. ಅಲ್ಲ, ಪಾದ್ರಿ ಎಂದ ಹೈನೋ. ಇಬ್ಬರೂ ಮದುವೆಯಾದ ಹೊಸತರಲ್ಲಿ ಆಡಿದಂತೆ ಜಗಳವಾಡಿದರು. ಇಷ್ಟು ವರ್ಷ ಇಂಥ ಸುಖವನ್ನು ಅವಳೊಬ್ಬಳಿಗೇ ಬಿಟ್ಟುಕೊಟ್ಟೆನಲ್ಲ ಎಂದು ಹೈನೋಗೆ ಹೊಟ್ಟೆ ಉರಿಯಿತು.

ಒಂದು ದಿನ ಅವನು ಕೇಳಿದ, "ಈ ಹೆಲ್ಮ್ ಯಾಕೆ ಪದೇ ಪದೇ ಸ್ಮಶಾನಕ್ಕೆ ಹೋಗ್ತಾನೆ? ಅಲ್ಲಿ ಅವನ ಕಡೆಯವರು ಯಾರಿದಾರೆ?"

ರೋಸ್ವಿತಾ ತುಸು ಹೊತ್ತು ಹೊದಿಕೆಯ ಅಂಚನ್ನು ಮಡಚಿದಳು, ಬಿಡಿಸಿದಳು. "ಯಾರೂ ಇಲ್ಲ. ಮೊದಲನೇ ಪುಸ್ತಕದಲ್ಲಿ ದಡಕ್ಕೊಂದು ಹೆಣ ಬಂದು ಬೀಳುತ್ತೆ. ಹುಡುಗ. ಒಂದೇ ಕಾಲಲ್ಲಿ ಬೂಟು. ಯಾರು ಏನು ಅಂತ ಗೊತ್ತಾಗಲ್ಲ. ನಂಬರ್ ಕಲ್ಲು ಹಾಕಿ ಹೂಳ್ತಾರೆ. ಉಳಿದ ಕೊಲೆ ಎಲ್ಲ ಹೆಲ್ಮ್ ಕಂಡುಹಿಡೀತಾನೆ. ಇದೊಂದು ಆಗಲ್ಲ ಅವನ ಕೈಲಿ. ಪ್ರತಿ ಪುಸ್ತಕದ ಕೊನೇಲೂ ಅಲ್ಲಿಗೆ ಹೋಗಿ ನಿಂತ್ಕೊಂಡು, 'ಇನ್ನೂ ಇಲ್ಲ ಮಗು,' ಅಂತಾನೆ."

ಹೈನೋ ಪುಸ್ತಕ ಮುಚ್ಚಿದ.

"ಇದರಲ್ಲಿ ಹೆಸರು ಸಿಗುತ್ತೆ, ನೋಡ್ತಿರು," ಎಂದಳು ಅವಳು. "ಕೊನೇದಲ್ವಾ? ಸಿಗಲೇಬೇಕು. ಅದನ್ನ ಕೇಳಿಸ್ಕೊಂಡೇ ನಾನು ಹೋಗೋದು."

ಬೀರುವಿನಲ್ಲಿ ಸಾಲಾಗಿ ನಿಂತಿದ್ದ ಒಂಬತ್ತು ಪುಸ್ತಕಗಳನ್ನು ಹೈನೋ ನೋಡಿದ. ಎಷ್ಟು ಹೆಣ ಬಿತ್ತು, ಎಷ್ಟು ಹೆಣ ಬಿತ್ತು ಎಂದು ಅವನು ಇಷ್ಟು ಕಾಲ ಆಡಿಕೊಂಡಿದ್ದ. ಅವಳು ಲೆಕ್ಕ ಇಟ್ಟದ್ದು ಒಂದೇ ಒಂದು ಹೆಣದ್ದು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ತಲೆ ಚಚ್ಚಿಕೊಂಡ.

ಮರುದಿನ ಬೆಳಗ್ಗೆ ಅವಳು ಔಷಧಿಯ ಮಂಪರಿನಲ್ಲಿದ್ದಾಗ ಹೈನೋ ಮಾಡಬಾರದ್ದನ್ನು ಮಾಡಿದ. ಅಡುಗೆಮನೆಯ ಮೇಜಿಗೆ ಕೂತು ಕೊನೆಯ ಅಧ್ಯಾಯ ಓದಿದ.

ಕೊಂದವನು ದನದ ಡಾಕ್ಟರೇ ಆಗಿದ್ದ. ಆದರೆ ಅದಾದ ಮೇಲೆ ಹೆಲ್ಮ್ ಕೆಲಸದಿಂದ ನಿವೃತ್ತನಾಗಿ, ಹೂ ಹಿಡಿದು ಸ್ಮಶಾನಕ್ಕೆ ಹೋಗುತ್ತಾನೆ. ಅಲ್ಲಿ ನಂಬರ್ ಕಲ್ಲು ಇಲ್ಲ. ಗೋರಿಯ ಜಾಗ ಕೊಡುವುದೇ ಇಷ್ಟು ವರ್ಷಕ್ಕೆಂದು, ಆ ಅವಧಿ ಮುಗಿದಿದೆ. ಮುಂದುವರಿಸಿ ಎಂದು ಕೇಳಲು ಬಳಗದವರು ಯಾರೂ ಬರದಿದ್ದರೆ ಕಲ್ಲು ಕಿತ್ತು ನೆಲ ಸಮ ಮಾಡುವುದು ಅಲ್ಲೂ ಇಲ್ಲೂ ಒಂದೇ ಪದ್ಧತಿ. ಹೊಸದಾಗಿ ಹುಲ್ಲು ಬಿತ್ತಿದ ನೆಲ. ಯಾವ ಕಡೆ ಇತ್ತೆಂಬುದೂ ಹೆಲ್ಮ್‌ಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹೂವನ್ನು ಮತ್ತೆ ಕಾರಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಮುಗಿಯಿತು.

ಹೈನೋ ಪುಸ್ತಕವನ್ನು ಮೇಜಿಗೆ ಕುಕ್ಕಿದ. ಬರೆದವನನ್ನು ತನಗೆ ಗೊತ್ತಿದ್ದ ಅಷ್ಟೂ ಸ್ವೀಡಿಷ್ ಬೈಗುಳಗಳಲ್ಲಿ ಬೈದ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಇದ್ದದ್ದನ್ನು ಇದ್ದಹಾಗೆ ಓದಿದರೆ ಅವಳು ಅದನ್ನೇ ಹೊತ್ತುಕೊಂಡು ಹೋಗುತ್ತಾಳೆ. ಓದದಿದ್ದರೆ ಕೇಳದೆ ಬಿಡುವವಳಲ್ಲ. ಓದುವುದನ್ನು ನಿಧಾನ ಮಾಡಿದ. ಒಂದು ದಿನ ಕನ್ನಡಕ ಕಾಣೆಯಾಯಿತು, ಇನ್ನೊಂದು ದಿನ ಗಂಟಲು ಕಟ್ಟಿತು. ರೋಸ್ವಿತಾ ಎಲ್ಲವನ್ನೂ ಸುಮ್ಮನೆ ನೋಡಿದಳು. ಅವಳ ಮುಖ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

"ಹೈನೋ," ಎಂದಳು ಒಂದು ಮಧ್ಯಾಹ್ನ. ದನಿ ಎದ್ದು ಬರುತ್ತಿರಲಿಲ್ಲ. "ಇವತ್ತು ಕೊನೇದು ಓದಿಬಿಡು. ನಾಳೇನ ನಂಬಬೇಡ."

ಅವನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ. ದನದ ಡಾಕ್ಟರನ್ನು ಹಿಡಿದ ಭಾಗ ಓದಿದ. "ಹೇಳಿರಲಿಲ್ವಾ!" ಎಂದು ರೋಸ್ವಿತಾಳ ತುಟಿ ಅಲುಗಿತು. ಹಾಳೆ ತಿರುವಿದ. ಹೂ ಹಿಡಿದ ಹೆಲ್ಮ್ ಸ್ಮಶಾನದ ಗೇಟು ತೆರೆದ. ಅಲ್ಲಿಂದ ಮುಂದಕ್ಕೆ ಹೈನೋ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದ.

"'ಕಲ್ಲಿನ ಹತ್ತಿರ... ಕಲ್ಲಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು,'" ಎಂದ. ಹುಟ್ಟಿದಾಗಿನಿಂದ ಒಂದು ಕಥೆ ಕಟ್ಟಿ ಹೇಳಿದವನಲ್ಲ ಅವನು. "'ದೂರದಿಂದ ಬಂದವಳು. ವಯಸ್ಸಾದವಳು. ಇವನು ನನ್ನ ಮಗ ಅಂತ ಅಂದಳು.'"

"ಹೆಲ್ಮ್ ಏನಂದ?"

"'ಹೆಲ್ಮ್ ಟೋಪಿ ತೆಗೆದ. ಅಮ್ಮಾ, ನಿಮಗೋಸ್ಕರ ಎಷ್ಟು ವರ್ಷದಿಂದ ಕಾಯ್ತಾ ಇದೀನಿ ಅಂದ.'"

ರೋಸ್ವಿತಾ ಕಣ್ಣು ಮುಚ್ಚಿದಳು. "ಹೆಸರು?"

ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಹಡಗಿನಲ್ಲಿ ಕಂಡ ಸ್ವೀಡನ್ನಿನವರ ಹೆಸರುಗಳನ್ನು ತಡಕಾಡಿದ. ಒಂದೂ ನಾಲಗೆಗೆ ಬರಲಿಲ್ಲ. ಬಂದರಿನ ಕಡೆಯಿಂದ ಒಂದು ಹಡಗು ಕೂಗಿ ಸುಮ್ಮನಾಯಿತು.

"ಹೆಸರು ಏನಂತ ಇದೆ, ಹೈನೋ?"

"ಯೆನ್ಸ್," ಎಂದ ಅವನು.

ಆ ಮನೆಯ ಗೋಡೆಗಳು ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ!

"ವಯಸ್ಸು?"

"ಹತ್ತೊಂಬತ್ತು."

"ಅವನ್ನ ಕೊಂದೋರು ಯಾರಂತೆ?"

ಪುಸ್ತಕ ಅವನ ಮುಖದಿಂದ ಮೆಲ್ಲಗೆ ಕೆಳಗಿಳಿಯಿತು. "ಅವನಪ್ಪ," ಎಂದ. "ಅಪ್ಪ ಅನ್ನಿಸ್ಕೊಂಡೋನು. ಆಚೆ ದಡ ಏನು ಮಹಾ ದೂರ ಅಂತ ಬೊಗಳಿದ್ದ."

ರೋಸ್ವಿತಾ ನಿದ್ದೆ ಹೋದಳೋ ಎಂದು ಅವನು ಬಗ್ಗಿ ನೋಡಿದ. ಅವಳ ಕಣ್ಣು ತೆರೆದೇ ಇದ್ದವು.

"ನೀನು ತಪ್ಪು ಓದಿದೀಯ. ಹೆಲ್ಮ್ ಅಷ್ಟು ದಡ್ಡ ಅಲ್ಲ," ಎಂದಳು. "ಇನ್ನೊಂದ್ಸಲ ನೋಡಿ ಓದು."

ಹೈನೋ ಪುಟದ ಮೇಲೆ ಕಣ್ಣಿಟ್ಟ. ಅಕ್ಷರಗಳೆಲ್ಲ ಕಲಸಿಹೋಗಿದ್ದವು. "ನೀರು," ಎಂದ. "ನೀರು ತುಂಬ ತಣ್ಣಗಿತ್ತು ಅಂತ ಬರೆದಿದೆ. ಯಾರೂ... ಯಾರೂ ಕೊಲ್ಲಲಿಲ್ಲ ಅಂತ."

"ಹಾಂ. ಹಂಗೇ ಇರಬೇಕು." ಅವಳು ಅವನ ಬೆರಳು ಹಿಡಿದುಕೊಂಡಳು. "ಒಳ್ಳೇ ಕೊನೆ ಕಣೋ. ಗುರುವಾರದವರಿಗೆ ಯಾರಿಗೂ ಹೇಳ್ಬೇಡ."

ಈಸ್ಟರಿಗೆ ಇನ್ನೂ ಸ್ವಲ್ಪ ದಿನ ಇರುವಾಗಲೇ ರೋಸ್ವಿತಾ ಹೋದಳು.

ಅಕ್ಟೋಬರಿನಲ್ಲಿ ಜರ್ಮನ್ ಅನುವಾದ ಬಂತು. ಮಾರೆನ್ ಗ್ರಂಥಾಲಯದಲ್ಲಿ ಕೂತಲ್ಲೇ ಅದನ್ನು ಓದಿ ಮುಗಿಸಿದಳು. ಎರಡು ದಿನ ಅವಳಿಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಆ ಪುಸ್ತಕಕ್ಕಾಗಿ ರೋಸ್ವಿತಾ ಎಷ್ಟು ಹಂಬಲಿಸಿದ್ದಳು! ಪಾಪ, ಹೈನೋನ ಬಾಯಿಂದ ಈ ಕೊನೆಯನ್ನು ಕೇಳಿಸಿಕೊಂಡು ಹೋದಳಲ್ಲ ಎಂದು ಅವಳಿಗೆ ಸಂಕಟವಾಯಿತು. ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಹೈನೋನ ಮನೆಗೆ ಹೋದಳು. ಬಾಗಿಲು ಹಾಕಿತ್ತು. ಸ್ಮಶಾನದಲ್ಲಿರಬೇಕು ಎಂದರು ಪಕ್ಕದ ಮನೆಯವರು.

ಅವನು ಮಂಡಿಯೂರಿ ಗೋರಿಯ ಮೇಲಿನ ಬೀಚ್ ಮರದ ಎಲೆಗಳನ್ನು ಆರಿಸುತ್ತಿದ್ದ. ಕಲ್ಲು ಹೊಸದು. ಮೇಲೆ ರೋಸ್ವಿತಾಳ ಹೆಸರು, ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಯೆನ್ಸ್ ಎಂದು ಕೆತ್ತಿತ್ತು. ಅವರಿಗೊಬ್ಬ ಮಗನಿದ್ದನೆಂಬುದೇ, ಗೋಡೆ ಬಿದ್ದ ಮೇಲೆ ಈ ಊರಿಗೆ ಬಂದ ಮಾರೆನ್‌ಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ಅವಳು ಕಲ್ಲನ್ನು ನೋಡಿದಳು, ಹೈನೋನನ್ನು ನೋಡಿದಳು. ಚೀಲದೊಳಗೆ ಹೋದ ಕೈ ಹಾಗೇ ನಿಂತಿತು.

"ಪುಸ್ತಕ ಬಂತೇನಮ್ಮ?" ಹೈನೋ ತಿರುಗದೆ ಕೇಳಿದ.

"ಬಂತು. ಹೈನೋ, ಅದರ ಕೊನೆ..."

"ಶ್! ಕಟ್ಟಳೆ ಮರೆತ್ಯಾ? ಕೊನೆ ಹೇಳಬಾರದು," ಎಂದ ಅವನು.

ಮಾರೆನ್ ಚೀಲದ ಬಾಯಿ ಮುಚ್ಚಿ, ಅವನ ಪಕ್ಕದಲ್ಲಿ ಕೂತು ಎಲೆ ಆರಿಸತೊಡಗಿದಳು. ಹೈನೋ ಕೋಟಿನ ತೋಳಿನಿಂದ ಕಲ್ಲಿನ ಮೇಲಿನ ತೇವ ಒರೆಸಿದ, ಮೊದಲು ಮೇಲಿನ ಹೆಸರಿನದು, ಆಮೇಲೆ ಕೆಳಗಿನದು.